ಮೀಟರ್ 12 ತೋರಿಸಿತು, ಆಂಪ್ ಏಳಲಿಲ್ಲ: ಮುಧೋಳದ ಒಂದು ಕಬ್ಬಿನ ಟ್ರ್ಯಾಕ್ಟರ್ ಪ್ರಕರಣ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಮುಧೋಳ, ಜಮಖಂಡಿ ಕಡೆ ಕಾರಿಗೆಂದು ಮಾಡಿದ ಆಂಪ್ಲಿಫೈಯರ್‌ಗಳು ಟ್ರ್ಯಾಕ್ಟರ್ ಏರುತ್ತವೆ. ನಾಲ್ಕು ಚಾನೆಲ್‌ನ ಆಂಪ್, ಎರಡು ಬಾಸ್ ಡಬ್ಬಿ, ತಲೆ ಮೇಲಿನ ಹುಡ್ಡಿಗೆ ನಾಲ್ಕು ಸ್ಪೀಕರ್, ಸುತ್ತಲೂ ಬಣ್ಣದ ದೀಪ. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಹೋದವರು ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿ ಬರುವ ತನಕ ರಾತ್ರಿಯೆಲ್ಲ ನಿಲ್ಲಬೇಕಾಗುತ್ತದೆ. ಆಗ ಡ್ರೈವರ್‌ಗೆ ಜೊತೆಗಿರುವುದು ಹಾಡು ಮಾತ್ರ. ರಸ್ತೆಯ ಮೇಲೆ ಹಿಂದಿನವರ ಹಾರ್ನ್ ಕೇಳದಷ್ಟು ದನಿ ಇಡಬೇಡಿ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಅದು ಬೇರೆ ಮಾತು.

ಜನವರಿಯ ಒಂದು ಮಧ್ಯಾಹ್ನ ಇಂಥದೇ ಒಂದು ಟ್ರ್ಯಾಕ್ಟರ್ ಅಂಗಡಿಯ ಮುಂದೆ ಬಂದು ನಿಂತಿತು. ಮಾಲಕರು ಮಡಗಾರ್ಡ್ ಮೇಲೆ ಕೂತಿದ್ದರು. ಡ್ರೈವರ್ ಇಪ್ಪತ್ತರ ಆಸುಪಾಸಿನ ಹುಡುಗ, ಜಿಗಿದು ಬಂದ.

“ಕಾಕಾ, ಆಂಪ್ ಚಾಲೂನ ಆಗವಲ್ದು. ಬೋರ್ಡ್ ಸುಟ್ಟೈತಿ ಅಂದಾರ. ಹೊಸಾದು ಹಾಕ್ಸ್ರಿ ಅಂತ ಐದೂವರಿ ಸಾವಿರ ಹೇಳ್ಯಾರ.”

“ಯಾವಾಗಿಂದ?”

“ಮೊನ್ನಿ ರಾತ್ರಿಯಿಂದ್ರಿ. ಯಾರ್ಡಿನ್ಯಾಗ ಬ್ಯಾಟ್ರಿ ಕೂತಿತ್ತು. ಬಾಜೂ ಗಾಡಿಯಿಂದ ವೈರ್ ಹಚ್ಚಿ ಚಾಲೂ ಮಾಡಿದ್ವಿ. ಅದಾದ ಮ್ಯಾಲ ಇದು ಏಳಲೇ ಇಲ್ಲ.”

ಬ್ಯಾಟರಿ ಕೂತದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ಇಂಜಿನ್ ಬಂದ್ ಮಾಡಿ ಹಾಡು ಹಚ್ಚಿದರೆ ಈ ಜೋಡಣೆ ಸರಾಸರಿ 8 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಎಂಟು ತಾಸಿಗೆ 64 ಆಂಪಿಯರ್-ಅವರ್ ಆಯಿತು. ಇದ್ದದ್ದು 75ರ ಬ್ಯಾಟರಿ, ಅದೂ ಹಳೆಯದು. ಬೆಳಗಿನ ಚಳಿಗೆ ಸ್ಟಾರ್ಟರ್ ತಿರುಗಿಸುವ ಕಸುವು ಎಲ್ಲಿ ಉಳಿದೀತು?

ಹೊಸ ಆಂಪ್ ಹೇಳಿದ ಮೆಕ್ಯಾನಿಕ್‌ನ ಲೆಕ್ಕವೂ ತೀರ ದಡ್ಡತನದ್ದಲ್ಲ. ಕತ್ತಲಲ್ಲಿ ವೈರ್ ಹಚ್ಚುವಾಗ ಪ್ಲಸ್ಸು ಮೈನಸ್ಸು ಅದಲುಬದಲಾಗುತ್ತವೆ. ಹಾಗಾದರೆ ಆಂಪ್‌ಗೆ ಪೆಟ್ಟು ಬೀಳುತ್ತದೆ. ಆದರೆ ಆ ಪೆಟ್ಟು ಗುರುತು ಬಿಟ್ಟು ಹೋಗುತ್ತದೆ. ಬಹಳಷ್ಟು ಆಂಪ್‌ಗಳಲ್ಲಿ ಕರೆಂಟ್ ಒಳಬರುವ ಕಡೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇರುತ್ತದೆ. ಉಲ್ಟಾ ವೋಲ್ಟೇಜ್ ಬಂದರೆ ಅದು ಶಾರ್ಟ್ ಆಗಿ ಫ್ಯೂಸ್ ಹಾರಿಸುತ್ತದೆ. ಇಲ್ಲಿ ಆಂಪ್‌ನ ಮೈಮೇಲಿದ್ದ ಎರಡು 20 ಆಂಪಿಯರ್ ಫ್ಯೂಸ್‌ಗಳೂ ಸರಿ ಇದ್ದವು. ಕಿತ್ತು ಬೆಳಕಿಗೆ ಹಿಡಿದು ನೋಡಿದೆ, ಮೀಟರ್‌ಗೂ ಹಚ್ಚಿದೆ. ಇನ್ನೂ ಒಂದು ಸಾಕ್ಷಿ ಇತ್ತು. ಬಾಜೂ ಗಾಡಿಯಿಂದ ಹಚ್ಚಿದ ಜಂಪ್ ವೈರ್ ಉಲ್ಟಾ ಆಗಿದ್ದರೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನೊಳಗಿನ ಡಯೋಡ್‌ಗಳು ನೇರ ಶಾರ್ಟಿನಂತೆ ಕರೆಂಟ್ ಎಳೆದು ಸುಡುತ್ತವೆ. ಈ ಟ್ರ್ಯಾಕ್ಟರ್ ಇಂಜಿನ್ ಚಾಲೂ ಇದ್ದಾಗ ಬ್ಯಾಟರಿಗೆ 14.1 ವೋಲ್ಟ್ ಕೊಡುತ್ತಿತ್ತು. ಅಲ್ಲಿಗೆ ಉಲ್ಟಾ ಹಚ್ಚಿದ ಕಥೆ ನನ್ನ ಮಟ್ಟಿಗೆ ಮುಗಿಯಿತು.

ಮೇಜಿನ ಮೇಲೆ ಹತ್ತು ನಿಮಿಷ

ಆಂಪ್ ಬಿಚ್ಚಿ ಒಳಗೆ ತಂದೆ. ಗಾಡಿಯಲ್ಲೇ ತಡಕಾಡುವುದಕ್ಕಿಂತ ಮೊದಲು ಆಂಪ್ ಬದುಕಿದೆಯೋ ಸತ್ತಿದೆಯೋ ತಿಳಿದುಕೊಳ್ಳುವುದು ಲೇಸು. ಆಂಪ್ ಏಳಬೇಕಾದರೆ ಮೂರು ಬೇಕು: ಬ್ಯಾಟರಿಯಿಂದ ನೇರ ಬರುವ ದಪ್ಪ ಪ್ಲಸ್, ಕರೆಂಟು ಬ್ಯಾಟರಿಯ ಮೈನಸ್‌ಗೆ ಮರಳಲು ಅಷ್ಟೇ ದಪ್ಪದ ಅರ್ಥಿಂಗ್, ಮತ್ತು ಡೆಕ್‌ನಿಂದ, ಅಂದರೆ ಹಾಡು ಹಚ್ಚುವ ಪ್ಲೇಯರ್‌ನಿಂದ, ಬರುವ ತೆಳ್ಳನೆ ರಿಮೋಟ್ ವೈರ್. ಡೆಕ್ ಚಾಲೂ ಆದಾಗ ರಿಮೋಟ್ ವೈರಿಗೆ 12 ವೋಲ್ಟ್ ಬರುತ್ತದೆ, ಅದನ್ನು ಕಂಡು ಆಂಪ್ ಏಳುತ್ತದೆ.

ಮೇಜಿನ ಮೇಲೆ ಬ್ಯಾಟರಿಯನ್ನು ಆಂಪ್‌ಗೆ ಸೀದಾ ಹಚ್ಚುವುದಿಲ್ಲ. ಪ್ಲಸ್ ದಾರಿಯ ನಡುವೆ ಹೆಡ್‌ಲೈಟಿನ 55 ವ್ಯಾಟ್ ಬಲ್ಬ್ ಒಂದನ್ನು ಸರಣಿಯಲ್ಲಿ ಹಾಕುತ್ತೇನೆ. ಒಳಗೆ ಪವರ್ ಸಪ್ಲೈನ ಮಾಸ್‌ಫೆಟ್ (ಕರೆಂಟಿನ ಸ್ವಿಚ್ಚಿನಂಥ ಬಿಡಿಭಾಗ) ಶಾರ್ಟ್ ಆಗಿದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಬೋರ್ಡಿಗೆ ಇನ್ನಷ್ಟು ಹಾನಿ ಆಗುವುದಿಲ್ಲ. ಆಂಪ್ ಚೆನ್ನಾಗಿದ್ದರೆ ದೊಡ್ಡ ಕೆಪಾಸಿಟರ್‌ಗಳು ತುಂಬಿಕೊಳ್ಳುವ ಗಳಿಗೆಯಲ್ಲಿ ಬಲ್ಬ್ ಒಮ್ಮೆ ಮಿಂಚಿ ಆರುತ್ತದೆ. ಸ್ಪೀಕರ್ ವೈರ್ ಇಲ್ಲ, ಡೆಕ್‌ನಿಂದ ಹಾಡು ತರುವ ಆರ್‌ಸಿಎ ಪಿನ್ ಇಲ್ಲ, ಏನೂ ಇಲ್ಲ. ಪ್ಲಸ್, ಮೈನಸ್ ಹಚ್ಚಿ, ಪ್ಲಸ್ ಟರ್ಮಿನಲ್‌ನಿಂದ ರಿಮೋಟ್ ಟರ್ಮಿನಲ್‌ಗೆ ಒಂದು ಗೇಣು ವೈರ್ ಮುಟ್ಟಿಸಿದೆ.

ಬಲ್ಬ್ ಫಕ್ಕನೆ ಮಿಂಚಿತು, ಆರಿತು. ಆಂಪ್‌ನ ಹಸಿರು ದೀಪ ಹತ್ತಿತು.

ಹುಡುಗ ಬಗ್ಗಿ ನೋಡಿದ. “ಅಯ್ಯ, ಇಲ್ಲಿ ಹತ್ತೈತಲ್ರಿ!”

ಆಂಪ್‌ಗೆ ಸಣ್ಣ ಸ್ಪೀಕರ್ ಕಟ್ಟಿ ಹಳೆಯ ಫೋನಿನಿಂದ ಹಾಡು ಹಚ್ಚಿದೆ. ನಾಲ್ಕೂ ಚಾನೆಲ್ ಹಾಡಿದವು. ಐದೂವರೆ ಸಾವಿರ ಉಳಿದದ್ದಕ್ಕೆ ಮಾಲಕರು ಚಹಾ ಹೇಳಿದರು.

ನಾನು ದಾರಿ ತಪ್ಪಿದ್ದು

ಆಂಪ್ ವಾಪಸ್ಸು ಟ್ರ್ಯಾಕ್ಟರ್‌ಗೆ ಹೋಯಿತು. ಡೆಕ್ ಚಾಲೂ ಮಾಡಿದರೆ ಹಸಿರು ದೀಪ ಇಲ್ಲ. ಮೀಟರ್ ಹಿಡಿದು ಆಂಪ್‌ನ ಟರ್ಮಿನಲ್‌ಗಳ ಹತ್ತಿರ ಹೋದೆ. ಪ್ಲಸ್‌ನಿಂದ ಅರ್ಥಿಂಗ್‌ಗೆ 12.5 ವೋಲ್ಟ್. ರಿಮೋಟ್‌ನಲ್ಲಿ 12.1. ಮೀಟರನ್ನು ಬಜರ್‌ಗೆ (ಕರೆಂಟಿಗೆ ದಾರಿ ಇದ್ದರೆ ಕೂಗುವ ಗುರುತಿಗೆ) ಹಾಕಿ ಆಂಪ್‌ನ ಅರ್ಥ್ ಟರ್ಮಿನಲ್‌ಗೂ ಪಕ್ಕದ ಹುಡ್ ಪೈಪಿಗೂ ಮುಟ್ಟಿಸಿದೆ: ಕೀಂ ಎಂದಿತು. ಬ್ಯಾಟರಿಯ ಮೈನಸ್‌ವರೆಗೆ ಉದ್ದ ವೈರ್ ಎಳೆದು ಮುಟ್ಟಿಸಿದೆ: ಆಗಲೂ ಕೀಂ ಎಂದಿತು.

ಪ್ಲಸ್, ಮೈನಸ್, ರಿಮೋಟ್ ಮೂರೂ ಇವೆ. ಆಂಪ್ ಚೆನ್ನಾಗಿದೆ ಎಂದು ಈಗಷ್ಟೇ ಕಣ್ಣಾರೆ ಕಂಡಿದ್ದೇನೆ. ಆದರೂ ಏಳುವುದಿಲ್ಲ.

ಇಲ್ಲಿ ನಾನು ಸುಮಾರು ಒಂದು ತಾಸು ಹಾಳು ಮಾಡಿದೆ. ರಿಮೋಟ್ ವೈರ್ ಮೇಲೆ ಸಂಶಯ ಬಂತು. ಅದಕ್ಕೆ ಕಾರಣವೂ ಇತ್ತು. ಡೆಕ್‌ಗಳ ಹಿಂದೆ ಬಿಳಿ ಗೆರೆಯ ನೀಲಿ ವೈರ್ ಆಂಪ್‌ಗೆ, ಬರೀ ನೀಲಿ ವೈರ್ ಆಂಟೆನಾಗೆ. ನೀಲಿಗೆ ಕಟ್ಟಿಬಿಟ್ಟರೆ ಕೆಲವು ಡೆಕ್‌ಗಳಲ್ಲಿ ರೇಡಿಯೋ ಹಚ್ಚಿದಾಗ ಮಾತ್ರ ಆಂಪ್ ಏಳುತ್ತದೆ, ಪೆನ್‌ಡ್ರೈವ್ ಹಾಕಿದರೆ ಮಲಗುತ್ತದೆ. ಇಂಥ ಎಷ್ಟೋ ಕೇಸು ನೋಡಿದ್ದೇನೆ. ಡ್ಯಾಶ್ ಬಿಚ್ಚಿ ನೋಡಿದರೆ ಸರಿಯಾದ ವೈರೇ ಇತ್ತು. ಕೊನೆಗೆ ಮೇಜಿನ ಮೇಲೆ ಮಾಡಿದಂತೆ ಪ್ಲಸ್‌ನಿಂದ ರಿಮೋಟ್‌ಗೆ ನೇರ ವೈರ್ ಮುಟ್ಟಿಸಿದೆ. ಹಸಿರು ದೀಪ ಬರಲಿಲ್ಲ. ಹಾಗಾದರೆ ರಿಮೋಟ್ ನಿರ್ದೋಷಿ. ಈ ಒಂದು ಪರೀಕ್ಷೆ ಮೊದಲೇ ಮಾಡಿದ್ದರೆ ಡ್ಯಾಶ್ ಬಿಚ್ಚುವ ಉಸಾಬರಿ ಇರುತ್ತಿರಲಿಲ್ಲ.

ಆದರೆ ಹಾಗೆ ಮುಟ್ಟಿಸುವಾಗ ಮೀಟರ್‌ನ ಕಡ್ಡಿಗಳು ಇನ್ನೂ ಪ್ಲಸ್, ಅರ್ಥ್ ಟರ್ಮಿನಲ್‌ಗಳ ಮೇಲೇ ಇದ್ದವು. ವೈರ್ ಮುಟ್ಟಿದ ಗಳಿಗೆಗೆ 12.5 ಇದ್ದದ್ದು ಕುಸಿದು 4 ಚಿಲ್ಲರೆಗೆ ಬಂತು. ವೈರ್ ತೆಗೆದೆ, ಮತ್ತೆ 12.5. ಮತ್ತೆ ಮುಟ್ಟಿಸಿದೆ, ಮತ್ತೆ ಬಿತ್ತು.

ಹಗ್ಗದ ಒಂದೇ ಎಳೆಗೆ ನೇತುಬಿದ್ದ ಬಕೆಟ್ಟಿನ ಹಾಗೆ ಇದು. ಖಾಲಿ ಇದ್ದಾಗ ನಿಲ್ಲುತ್ತದೆ, ನೀರು ತುಂಬಿದರೆ ಹರಿಯುತ್ತದೆ. ಮೀಟರ್ ವೋಲ್ಟೇಜ್ ಅಳೆಯುವಾಗ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ತುಕ್ಕು ಹಿಡಿದ ಜಾಯಿಂಟ್ ದಾಟಿಯೂ ಅದಕ್ಕೆ ಪೂರ್ತಿ 12 ಕಾಣುತ್ತದೆ. ಆಂಪ್ ಸುಮ್ಮನೆ ಎದ್ದು ಕೂರುವುದಕ್ಕೇ ಒಂದು ಆಂಪಿಯರ್ ಮೇಲೆ ಬೇಕು. ಅಷ್ಟು ಕೇಳಿದ ಕೂಡಲೇ ದಾರಿಯಲ್ಲೆಲ್ಲೋ ವೋಲ್ಟೇಜ್ ಸೋರಿಹೋಗುತ್ತಿದೆ. ಆಂಪ್ ತನಗೆ ಸಾಲದೆಂದು ಮತ್ತೆ ಮಲಗುತ್ತಿದೆ.

ಮೂಲೆಗೆ ತಳ್ಳಿದ್ದ ಟೆಸ್ಟ್ ಲ್ಯಾಂಪ್ ತೆಗೆದೆ. ನನ್ನ ಟೆಸ್ಟ್ ಲ್ಯಾಂಪ್ ಎಂದರೆ ಬ್ರೇಕ್ ದೀಪದ 21 ವ್ಯಾಟ್ ಬಲ್ಬಿಗೆ ಎರಡು ವೈರ್, ಎರಡು ಕ್ಲಿಪ್, ಅಷ್ಟೇ. ಪೂರ್ತಿ 12 ವೋಲ್ಟ್ ಸಿಕ್ಕರೆ ಅದು ಒಂದೂ ಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಆಂಪ್‌ನ ವೈರ್‌ಗಳನ್ನು ಬಿಚ್ಚಿ ಅವಕ್ಕೆ ಈ ಬಲ್ಬ್ ಕಟ್ಟಿದೆ. ಕಣ್ಣು ಕುಕ್ಕುವಂತೆ ಉರಿಯಬೇಕಾದದ್ದು ಒಲೆಯ ಕೊನೆಯ ಕೆಂಡದಂತೆ ಮಂಕಾಗಿ ಕೂತಿತು.

ಬಲ್ಬ್ ಹತ್ತಿಸಿಟ್ಟುಕೊಂಡೇ ಅಳೆದೆ. ಬ್ಯಾಟರಿಯ ಎರಡು ತುದಿಗಳ ನಡುವೆ 12.3. ಬಲ್ಬಿನ ಎರಡು ತುದಿಗಳ ನಡುವೆ 3.2. ಉಳಿದ 9 ವೋಲ್ಟ್ ಎಲ್ಲಿ ಹೋಯಿತು? ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಆಂಪ್‌ಗೆ ಬರುವ ಪ್ಲಸ್ ವೈರಿನ ತುದಿಗೆ: 0.04. ಆ ದಾರಿ ಸ್ವಚ್ಛ. ಇನ್ನು ಬ್ಯಾಟರಿಯ ಮೈನಸ್‌ನಿಂದ ಆಂಪ್‌ನ ಅರ್ಥಿಂಗ್ ವೈರಿನ ತುದಿಗೆ: 9.1 ವೋಲ್ಟ್.

ಕಳ್ಳ ಅರ್ಥಿಂಗ್‌ನಲ್ಲಿದ್ದ.

ಹಾಗಾದರೆ ಬಜರ್ ಯಾಕೆ ಕೂಗಿತು? ಮೊದಲ ಸಲ ನಾನು ಅಳೆದದ್ದು ವೈರ್ ಮತ್ತು ಅದೇ ವೈರ್ ಕೂತಿರುವ ಪೈಪನ್ನು. ಅದು ಕೂಗದೆ ಏನು ಮಾಡೀತು! ಎರಡನೇ ಸಲ ಬ್ಯಾಟರಿಯವರೆಗೆ ಹೋಗಿದ್ದೆ, ಸರಿ. ಆದರೆ ಬಹಳಷ್ಟು ಮೀಟರ್‌ಗಳ ಬಜರ್ 30, 40 ಓಮ್ ಇದ್ದರೂ ಕೂಗುತ್ತದೆ. ಹುಡುಗನ ಎದುರೇ ಮತ್ತೆ ಮುಟ್ಟಿಸಿ ಈ ಸಲ ಪರದೆ ನೋಡಿದೆ: 10 ಓಮ್ ಹತ್ತಿರ. ಒಂದು ಆಂಪಿಯರ್ ಹರಿದರೂ 10 ವೋಲ್ಟ್ ಅಲ್ಲೇ ನುಂಗಿಹೋಗುತ್ತದೆ. ಅರ್ಥಿಂಗ್‌ಗೆ ಅರ್ಧ ಓಮ್ ಕೂಡ ಹೆಚ್ಚೇ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಕಿವಿಗೆ ದನಿ ಬಿದ್ದರೆ ಇನ್ನೂ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಯಾರ್ಡಿನ ರಾತ್ರಿ

ಆಂಪ್‌ನ ಅರ್ಥಿಂಗ್ ವೈರನ್ನು ಹುಡ್‌ನ ಕಬ್ಬಿಣದ ಪೈಪಿಗೆ ಸ್ಕ್ರೂ ಹೊಡೆದು ಕೂರಿಸಿದ್ದರು. ಪೈಪಿನ ಪಾದ ಮಡಗಾರ್ಡ್ ಮೇಲೆ ಕೂರುತ್ತದೆ, ನಡುವೆ ಅದುರದಿರಲಿ ಎಂದು ರಬ್ಬರ್ ಪ್ಯಾಕಿಂಗ್. ಬೋಲ್ಟುಗಳ ಸುತ್ತ ದಪ್ಪ ಪೇಂಟು. ಅಂದರೆ ಹುಡ್ ನೋಡಲು ಗಾಡಿಯ ಮೈ, ಕರೆಂಟಿನ ಲೆಕ್ಕದಲ್ಲಿ ಬೇರೆಯೇ ಒಂದು ದ್ವೀಪ. ಹಾಗಾದರೆ ಎರಡು ಹಂಗಾಮು ಇದು ಹಾಡಿದ್ದು ಹೇಗೆ?

ಪಾದದ ನಾಲ್ಕು ಬೋಲ್ಟುಗಳಿಗೆ ಪಾನಾ ಹಾಕಿದೆ. ಮೂರು ಬೋಲ್ಟು ಪೇಂಟಿನ ಮೇಲೇ ಕೂತಿದ್ದವು. ನಾಲ್ಕನೆಯದರ ವಾಷರ್ ಕೆಳಗೆ ಪೇಂಟು ಉಬ್ಬಿ ಗುಳ್ಳೆ ಎದ್ದಿತ್ತು, ಬೋಲ್ಟಿನ ಕುತ್ತಿಗೆ ನೀಲಿಗಪ್ಪಾಗಿತ್ತು, ರಬ್ಬರಿನ ಅಂಚು ಕರಗಿ ಅಂಟಿಕೊಂಡಿತ್ತು. ಇಷ್ಟು ದಿನ ಈ ಒಂದೇ ಬೋಲ್ಟು ಪೇಂಟು ಕೊರೆದು ಲೋಹಕ್ಕೆ ಲೋಹ ಮುಟ್ಟಿಸಿಕೊಂಡು ಇಡೀ ಹುಡ್ಡಿನ ಅರ್ಥಿಂಗ್ ಹೊತ್ತಿತ್ತು. ಆದರೆ ಆಂಪ್‌ನ ಹತ್ತು ಹದಿನೈದು ಆಂಪಿಯರ್‌ಗೆ ಬೋಲ್ಟು ನೀಲಿಗಟ್ಟುವುದಿಲ್ಲ. ಬೋಲ್ಟನ್ನು ಅಂಗೈಯಲ್ಲಿಟ್ಟು ಹುಡುಗನಿಗೆ ತೋರಿಸಿದೆ.

“ತಮ್ಮಾ, ಆ ರಾತ್ರಿ ಕರೇ ವೈರ್ ಎಲ್ಲಿ ಹಚ್ಚಿದ್ರಿ?”

ಅವನು ಮಾಲಕರ ಮುಖ ನೋಡಿದ. “ಬ್ಯಾಟ್ರಿ ಪೆಟಗಿ ಪೂರಾ ತಗ್ಯಾಕ ಬರಲಿಲ್ರಿ ಕಾಕಾ, ಕತ್ತಲ ಇತ್ತು. ಪ್ಲಸ್ ಅಷ್ಟ ಕೈಗೆ ಸಿಕ್ತು. ಕರೇದು ಹುಡ್ಡಿನ ಪೈಪಿಗೆ ಹಚ್ಚಿದ್ವಿ. ಟಕ್ ಟಕ್ ಅಂತು, ಒಂದ ಸವನ ಹೊಗಿ ಬಂತು. ಆಮ್ಯಾಲ ತಗದು ಇಂಜಿನ್ನಿಗೆ ಹಚ್ಚಿದ್ವಿ, ಒಂದ ಸೆಲ್ಫಿಗೆ ಚಾಲೂ ಆತು.”

“ಇದನ್ನ ಮೊದಲ ಹೇಳಬಾರದೇನ?”

“ನೀವು ಕೇಳಲಿಲ್ಲಲ್ರಿ.”

ನಿಜವೇ. ನಾನು ಕೇಳಿರಲಿಲ್ಲ. ಡೀಸೆಲ್ ಇಂಜಿನ್ನಿನ ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ. ಅಷ್ಟೂ ಕರೆಂಟು ಆ ಬೋಲ್ಟಿನ ಕಡಲೆಕಾಳಿನಷ್ಟು ಜಾಗದಲ್ಲಿ ನುಗ್ಗಿತು. ಜಾಗ ಸುಟ್ಟು ಕರಿ ಕಟ್ಟಿತು, ಆ ಕರಿ ಕರೆಂಟನ್ನು ಸರಿಯಾಗಿ ದಾಟಿಸುವುದಿಲ್ಲ. ಹೀಗೆ ಜಂಪ್ ಹಚ್ಚಿದ್ದರಿಂದಲೇ ಆಂಪ್ ನಿಂತದ್ದು ಖರೆ, ಆದರೆ ಎಲ್ಲರೂ ಎಣಿಸಿದ ರೀತಿಯಲ್ಲಲ್ಲ.

ಅಷ್ಟರಲ್ಲಿ ಹುಡುಗ ಇನ್ನೊಂದು ಮಾತು ಸೇರಿಸಿದ: ಗಾಡಿ ಚಾಲೂ ಆದ ಮೇಲೆ ಹಾಡು ಒಂದೆರಡು ನಿಮಿಷ ಬಂದಿತ್ತಂತೆ, ಗರ್ ಗರ್ ಸದ್ದಿನ ಸಂಗಡ. ಆಮೇಲೆ ಡೆಕ್‌ನಿಂದ ಸುಟ್ಟ ವಾಸನೆ ಬಂದು ಎಲ್ಲ ಬಂದ್. ಇದನ್ನು ಕೇಳಿ ನನಗೆ ಮುಂದಿನ ಕೆಲಸ ಗೊತ್ತಾಯಿತು, ಸಂತೋಷವೇನೂ ಆಗಲಿಲ್ಲ.

ಎರಡು ರಿಪೇರಿ

ಮೊದಲು ಅರ್ಥಿಂಗ್. ಹುಡ್ಡಿನ ಸಹವಾಸವೇ ಬೇಡವೆಂದು 16 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಎರಡು ಮೀಟರ್ ಮೇಲೆ ಎಳೆದು ಆಂಪ್‌ನಿಂದ ನೇರ ಬ್ಯಾಟರಿಯ ಮೈನಸ್‌ಗೆ ಕೊಟ್ಟೆ. ಕಾರಿನಲ್ಲಾದರೆ ಹತ್ತಿರದ ಗಟ್ಟಿ ಚಾಸಿಸ್ ಭಾಗದಲ್ಲಿ ಪಾಲಿಶ್ ಪೇಪರ್ ಉಜ್ಜಿ ಬೆಳ್ಳಗಾಗಿಸಿ ಬೋಲ್ಟು ಹಾಕಿದರೆ ನಡೆಯುತ್ತದೆ. ಅದುರುವ, ಕಳಚಿ ಜೋಡಿಸುವ ಟ್ರ್ಯಾಕ್ಟರ್‌ಗೆ ನಾನು ಅದನ್ನು ನಂಬುವುದಿಲ್ಲ. ತಾಮ್ರದ್ದೇ ಯಾಕೆ ಎಂದು ಮಾಲಕರು ಕೇಳಿದರು, ಪೇಟೆಯಲ್ಲಿ ಅರ್ಧ ಬೆಲೆಗೆ ಇದೇ ದಪ್ಪದ ವೈರ್ ಸಿಗುತ್ತದಲ್ಲ ಎಂದರು. ಅದು ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು. ಅಲ್ಯೂಮಿನಿಯಂ ಕರೆಂಟು ಒಯ್ಯುವುದು ತಾಮ್ರದ ಶೇಕಡಾ 60ರಷ್ಟು ಮಾತ್ರ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಿ ಬಣ್ಣ ಕಂಡರೆ ಅದೇ. ತುದಿಗಳಿಗೆ ಲಗ್ ಒತ್ತಿ, ಮೇಲೆ ವ್ಯಾಸಲಿನ್ ಸವರಿದೆ.

ಪ್ಲಸ್ ವೈರಿಗೆ ಬ್ಯಾಟರಿ ಹತ್ತಿರ ಫ್ಯೂಸೇ ಇರಲಿಲ್ಲ! ಆಂಪ್ ಮೇಲಿನ ಫ್ಯೂಸು ಆಂಪ್ ಕಾಯುತ್ತದೆ, ವೈರನ್ನಲ್ಲ. ಎಲ್ಲೋ ತಗಡಿನ ಅಂಚಿಗೆ ಉಜ್ಜಿ ವೈರಿನ ಸಿಪ್ಪೆ ಹರಿದರೆ ಕಬ್ಬಿನ ಒಣ ರವದಿಯ ಪಕ್ಕ ಬೆಂಕಿಗೆ ಮತ್ತೇನು ಬೇಕು? ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ 40 ಆಂಪಿಯರ್ ಫ್ಯೂಸ್ ಕೂರಿಸಿದೆ. ಇದನ್ನು ಮಾಡದೆ ಗಾಡಿ ಕೊಡುವುದಿಲ್ಲ ಎಂದೆ, ಅವರೂ ಒಪ್ಪಿದರು.

ಡೆಕ್ ಚಾಲೂ ಮಾಡಿದೆ. ಹಸಿರು ದೀಪ ಹತ್ತಿತು. ಹಾಡು ಬಂತು, ಜೊತೆಗೆ ಕೊಂಯ್ ಎನ್ನುವ ದನಿಯೂ ಬಂತು. ಇಂಜಿನ್ ಚಾಲೂ ಮಾಡಿ ರೇಸ್ ಕೊಟ್ಟರೆ ದನಿಯೂ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ವಾಸನೆಯ ಮಾತು ಕೇಳಿದಾಗಲೇ ಇದು ನಿರೀಕ್ಷೆಯಲ್ಲಿತ್ತು.

ಆಂಪ್‌ನ ಅರ್ಥಿಂಗ್ ಹೋದಾಗ ಕರೆಂಟು ಸುಮ್ಮನೆ ಕೂರುವುದಿಲ್ಲ, ಬ್ಯಾಟರಿಗೆ ಮರಳಲು ಬೇರೆ ದಾರಿ ಹುಡುಕುತ್ತದೆ. ಡೆಕ್‌ನಿಂದ ಬರುವ ಆರ್‌ಸಿಎ ವೈರಿನ ಹೊರಗಿನ ಜಾಲರಿ ಡೆಕ್‌ನ ಅರ್ಥಿಗೆ ಸೇರಿರುತ್ತದೆ. ಈ ಆಂಪ್‌ನಲ್ಲಿ ಆರ್‌ಸಿಎಯ ಹೊರ ರಿಂಗಿನಿಂದ ಅರ್ಥ್ ಟರ್ಮಿನಲ್‌ಗೆ ಅಳೆದರೆ ಒಂದು ಓಮ್‌ಗೂ ಕಡಿಮೆ. ಬೋಲ್ಟು ಸುಟ್ಟ ಮೇಲೆ ಆಂಪ್‌ನ ಕರೆಂಟೆಲ್ಲ ಈ ತೆಳ್ಳನೆ ಜಾಲರಿಯ ಮೂಲಕ ಡೆಕ್‌ಗೆ ಹೋಗಿ ಅಲ್ಲಿಂದ ಇಳಿದಿದೆ. ಆ ಎರಡು ನಿಮಿಷದ ಹಾಡು ಅದೇ. ಡೆಕ್‌ನೊಳಗಿನ ಕೂದಲೆಳೆಯಷ್ಟು ತಾಮ್ರದ ಗೆರೆ ಎಷ್ಟು ಹೊತ್ತು ತಾಳೀತು?

ಡೆಕ್‌ನ ಆರ್‌ಸಿಎ ಹೊರ ರಿಂಗಿನಿಂದ ಡೆಕ್‌ನ ತಗಡಿನ ಮೈಗೆ ಅಳೆದೆ. ಹತ್ತಿರ ಹತ್ತಿರ ಸೊನ್ನೆ ಬರಬೇಕು. ಮೀಟರ್ ದಾರಿಯೇ ಇಲ್ಲ ಎಂದಿತು. ಮೇಲಿನ ತಗಡು ಬಿಚ್ಚಿದರೆ ಪಿನ್ನಿನ ಬುಡದಲ್ಲಿ ಬೋರ್ಡಿನ ಮೇಲೆ ಇರುವೆ ಸಾಲು ಸುಟ್ಟಂತೆ ಒಂದು ಕರಿ ಗೆರೆ. ಎರಡು ಇಂಚು ವೈರ್ ತೆಗೆದುಕೊಂಡು ಹೊರ ರಿಂಗಿನಿಂದ ಡೆಕ್‌ನ ಮೈಗೆ ಬೆಸುಗೆ ಹಾಕಿದೆ. ಇದನ್ನು ಅರ್ಥಿಂಗ್ ಸರಿಪಡಿಸಿದ ಮೇಲೆಯೇ ಮಾಡಬೇಕು, ಮೊದಲೇ ಮಾಡಿದ್ದರೆ ಹೊಸ ವೈರಿನ ಮೂಲಕ ಅದೇ ಕರೆಂಟು ಮತ್ತೆ ಡೆಕ್‌ನೊಳಗೆ ನುಗ್ಗುತ್ತಿತ್ತು.

ಕೊಂಯ್ ನಿಂತಿತು. ಹಾಡು ಜೋರಾಗಿ ಹಚ್ಚಿ, ಬ್ಯಾಟರಿ ಮೈನಸ್‌ನಿಂದ ಆಂಪ್‌ನ ಅರ್ಥ್ ಟರ್ಮಿನಲ್‌ಗೆ ಕೊನೆಯ ಸಲ ಅಳೆದೆ. ಬಾಸ್ ಹೊಡೆತಕ್ಕೆ 0.08, ಉಳಿದಂತೆ ಅದಕ್ಕಿಂತ ಕಡಿಮೆ. ಮೊದಲು ಅದೇ ಜಾಗದಲ್ಲಿ, ಒಂದೇ ಒಂದು ಬಲ್ಬಿಗೆ 9.1 ಇತ್ತು.

ವೈರ್, ಲಗ್ಗು, ಫ್ಯೂಸು, ಕೂಲಿ ಸೇರಿ 1,450 ರೂಪಾಯಿ ಆಯಿತು. ನಾನು ಹಾಳು ಮಾಡಿದ ತಾಸಿನ ಲೆಕ್ಕ ಹಿಡಿಯಲಿಲ್ಲ. ಹೊರಡುವಾಗ ಡ್ರೈವರ್ ಹುಡುಗ ಕೇಳಿದ, “ಕಾಕಾ, ಮತ್ತ ಬ್ಯಾಟ್ರಿ ಕೂತ್ರ ಕರೇದು ಎಲ್ಲಿ ಹಚ್ಚೂದ್ರಿ?” ಇಂಜಿನ್ನಿನ ಪಕ್ಕದಲ್ಲಿ ಕ್ಲಿಪ್ಪಿಗೆ ಸಲೀಸಾಗಿ ಸಿಗುವ ಒಂದು ಬೋಳು ಬೋಲ್ಟು ಹುಡುಕಿ, ಅದರ ಸುತ್ತ ಕೆಂಪು ಪೇಂಟಿನಿಂದ ಒಂದು ರಿಂಗು ಬರೆದುಕೊಟ್ಟೆ. ಬೋಲ್ಟಿನ ಮೇಲೆ ಮಾತ್ರ ಒಂದು ಹನಿಯೂ ಬೀಳದಂತೆ ನೋಡಿಕೊಂಡೆ.

ಎಂಟು ದಿನದ ಮೇಲೆ ಬೇರೊಂದು ಟ್ರ್ಯಾಕ್ಟರ್ ಬಂತು. ಏನು ತೊಂದರೆ ಎಂದರೆ ಏನೂ ಇಲ್ಲ ಎಂದರು.

“ಆ ಗಾಡಿಗಿ ಕೆಂಪ ರಿಂಗ್ ಹಾಕಿದ್ರೆಂತಲ್ರಿ, ನಮಗೂ ಒಂದ ಹಾಕಿ ಕೊಡ್ರಿ.”